ಮೈಸೂರು ಎಂಬ ಹೆಸರಿನ ಸಮರನೌಕೆ

ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಜಲಾಶಯದ ದಂಡೆಗೆ ನಾವು ಒಮ್ಮೆ ಚಿತ್ರೀಕರಣಕ್ಕೆ ಹೋಗಿದ್ದೆವು. ಬಿಸಿಲು ತುಸು ಇಳಿಯಲಿ ಎಂದು ಕಾಯುತ್ತ ಕುಳಿತಾಗ ದನ ಮೇಯಿಸುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದ. ಕ್ಯಾಮೆರಾದ ಬಗೆಗೆ ಎರಡು ಮಾತು ಕೇಳಿದ. ಆಮೇಲೆ ನೀರಿನ ಕಡೆ ಕೈ ತೋರಿಸಿ, ‘ಇಷ್ಟು ನೀರಿನಾಗ ಯುದ್ಧದ ಹಡಗ ತೇಲ್ತದೇನ್ರಿ ಸರ?’ ಎಂದ. ವಿಜ್ಞಾನ ಪದವೀಧರನೆಂಬ ಹಮ್ಮಿನಲ್ಲಿ ನಾನು ಆರ್ಕಿಮಿಡೀಸನ ನಿಯಮ ಹೇಳತೊಡಗಿದೆ. ಅವನಿಗೆ ಬೇಕಿದ್ದುದು ನಿಯಮವಲ್ಲ. ‘ನಮ್ಮ ಕಡೀದು ಯಾವುದರೆ ಹಡಗ ಅದ ಏನ್ರಿ?’ ಎಂದು ಮತ್ತೆ ಕೇಳಿದ. ಇತ್ತು ಎಂದು ಹೇಳಬೇಕಿತ್ತು. ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆ ತೊಗರಿಯದು, ಹಾಸುಗಲ್ಲಿನದು, ಸಿಮೆಂಟಿನದು. ಕಡಲು ಇಲ್ಲಿಂದ ಬಹಳ ದೂರ. 1948ರ ತನಕ ನಾವು ನಿಜಾಮನ ಪ್ರಜೆಗಳು. ಎರಡನೆಯ ಮಹಾಯುದ್ಧದಲ್ಲಿ ನಿಜಾಮನ ಗೌರವಾರ್ಥ ಹೆಸರಿಟ್ಟ ಒಂದು ಡಿಸ್ಟ್ರಾಯರ್ ನೌಕೆ ಇತ್ತು; ಅದನ್ನು ನಡೆಸಿದವರು ಮಾತ್ರ ಆಸ್ಟ್ರೇಲಿಯಾದ ನಾವಿಕರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕನ್ನಡದ ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದಾದ ಹತ್ತು ತಿಂಗಳಿಗೆ, 1957ರ ಆಗಸ್ಟ್ 29ರಂದು, ಇಂಗ್ಲೆಂಡಿನಲ್ಲಿ ಒಂದು ಹಳೆಯ ಕ್ರೂಸರ್ ನೌಕೆಯ ಮೇಲೆ ಭಾರತದ ನೌಕಾಧ್ವಜ ಏರಿತು. ಅದಕ್ಕಿಟ್ಟ ಹೆಸರು ಐ.ಎನ್.ಎಸ್. ಮೈಸೂರು. ಕೊಳ್ಳುವ ಮಾತುಕತೆಯ ಕಾಲಕ್ಕೆ ಮೈಸೂರು ಎಂದರೆ ಒಡೆಯರ ಹಳೆಯ ಸೀಮೆ. ಧ್ವಜ ಏರುವ ಹೊತ್ತಿಗೆ ಅದರೊಳಗೆ ಕಾರವಾರವೂ ಇತ್ತು, ಸೇಡಂ ಚಿಂಚೋಳಿಗಳೂ ಇದ್ದವು. ಹೆಸರಿನ ಲೆಕ್ಕದಲ್ಲಾದರೂ ಆ ಹಡಗು ನಮ್ಮದೂ ಆಗಿತ್ತು.

ನಮ್ಮ ಕಾರ್ಯಕ್ರಮದ ಅರ್ಧ ಗಂಟೆಯೊಳಗೆ ಹೇಳಲು ಆಗದ ಸಂಗತಿಗಳನ್ನು ಈ ಪುಟಗಳಲ್ಲಿ ಬರೆಯುವುದು ರೂಢಿ. ಈ ಸಲ ಆ ಹಡಗಿನ ಕತೆ. ಅದು ಎರಡು ಸಲ ಹುಟ್ಟಿತು, ಒಂದು ಸಲ ಸಾಯುವುದರಲ್ಲಿತ್ತು, ಕಡೆಗೆ ಯಾರ ಗುಂಡೂ ತಾಗದೆ ಇಲ್ಲವಾಯಿತು.

ಮೊದಲು ಕ್ರೂಸರ್ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಹಿಂದಿನ ಕಾಲದ ನೌಕಾಪಡೆಗಳಲ್ಲಿ ದಪ್ಪ ಕವಚದ, ಭಾರೀ ಫಿರಂಗಿಗಳ ಯುದ್ಧನೌಕೆ ಆನೆಯಿದ್ದಂತೆ. ಸಣ್ಣದಾದ, ಚುರುಕಾದ ಡಿಸ್ಟ್ರಾಯರ್ ಕುದುರೆಯಿದ್ದಂತೆ. ಇವೆರಡರ ನಡುವಿನದು ಕ್ರೂಸರ್. ಒಂಟಿಯಾಗಿ ಸಾವಿರಾರು ಮೈಲಿ ಹೋಗಬಲ್ಲದು, ವ್ಯಾಪಾರದ ಹಡಗುಗಳನ್ನು ಕಾಯಬಲ್ಲದು, ಬೇಕಾದರೆ ದಡದ ಕೋಟೆಗೆ ಗುಂಡು ಹಾರಿಸಬಲ್ಲದು. ಸಾಮ್ರಾಜ್ಯ ಇಟ್ಟುಕೊಂಡವರಿಗೆ ಇಂಥ ಹಡಗು ಅನಿವಾರ್ಯ. ಆದ್ದರಿಂದಲೇ ಬ್ರಿಟಿಷರು 1930ರ ದಶಕದ ಕೊನೆಯಲ್ಲಿ ಕಟ್ಟಿಸತೊಡಗಿದ ಒಂದು ವರ್ಗದ ಕ್ರೂಸರುಗಳಿಗೆ ತಮ್ಮ ವಸಾಹತುಗಳ ಹೆಸರುಗಳನ್ನೇ ಇಟ್ಟರು: ಫಿಜಿ, ಕೀನ್ಯಾ, ಮಾರಿಷಸ್, ಟ್ರಿನಿಡಾಡ್, ಜಮೈಕಾ, ಗ್ಯಾಂಬಿಯಾ, ಸಿಲೋನ್. ನಮ್ಮ ಕತೆಯ ಹಡಗಿನ ಮೊದಲ ಹೆಸರು ನೈಜೀರಿಯಾ.

ನ್ಯೂಕ್ಯಾಸಲ್‌ನ ಟೈನ್ ನದಿಯ ದಡದಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯವರು 1938ರ ಫೆಬ್ರವರಿಯಲ್ಲಿ ಇದರ ಅಡಿಪಟ್ಟಿ ಹಾಕಿದರು. (ವಿಕರ್ಸ್ ಎಂಬ ಹೆಸರು ಶಹಾಬಾದಿನವರಿಗೆ ಹೊಸದಲ್ಲ. ಎ.ಸಿ.ಸಿ.-ವಿಕರ್ಸ್-ಬ್ಯಾಬ್‌ಕಾಕ್ ಎಂಬ ಕಂಪನಿ ಅಲ್ಲಿ ಭಾರೀ ಯಂತ್ರಗಳ ಕಾರ್ಖಾನೆ ನಡೆಸಿತ್ತು.) ಹಡಗು ನೀರಿಗಿಳಿದದ್ದು 1939ರ ಜುಲೈ 18ರಂದು. ಏಳು ವಾರ ಕಳೆಯುವುದರೊಳಗೆ ಹಿಟ್ಲರ್ ಪೋಲೆಂಡಿಗೆ ನುಗ್ಗಿದ್ದ. 1940ರ ಸೆಪ್ಟೆಂಬರಿನಲ್ಲಿ ಅದು ಬ್ರಿಟಿಷ್ ನೌಕಾಪಡೆಗೆ ಸೇರಿತು. ಉದ್ದ ಸುಮಾರು 555 ಅಡಿ, ಅಗಲ 62 ಅಡಿ. ನಾಲ್ಕು ಗೋಪುರಗಳಲ್ಲಿ ಮೂರು ಮೂರರಂತೆ ಆರು ಅಂಗುಲ ಬಾಯಿಯ ಹನ್ನೆರಡು ಫಿರಂಗಿಗಳು. ಅದರ ಒಂದೊಂದು ಗುಂಡಿನ ತೂಕ ಸುಮಾರು 50 ಕಿಲೋಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದಷ್ಟು. ಆ ಚೀಲವನ್ನು 20 ಕಿಲೋಮೀಟರಿಗೂ ಆಚೆ ಎಸೆಯುವ ಯಂತ್ರ ಎಂದು ನಮ್ಮ ವಾಡಿಯ ವೀಕ್ಷಕರು ಕಲ್ಪಿಸಿಕೊಳ್ಳಬಹುದು.

ಪೂರ್ತಿ ಸಾಮಾನು ತುಂಬಿದಾಗ ಈ ಹಡಗಿನ ತೂಕ ಸುಮಾರು 11,000 ಟನ್. ಅಷ್ಟು ತೂಕ ತೇಲಬೇಕಾದರೆ ಅಷ್ಟೇ ತೂಕದ ನೀರು ಪಕ್ಕಕ್ಕೆ ಸರಿಯಬೇಕು. 100 ಮೀಟರ್ ಉದ್ದ, 50 ಮೀಟರ್ ಅಗಲದ ಒಂದು ಹೊಂಡವನ್ನು ಎರಡು ಮೀಟರಿಗಿಂತ ತುಸು ಹೆಚ್ಚು ಆಳಕ್ಕೆ ತುಂಬಿದರೆ ಎಷ್ಟು ನೀರೋ ಅಷ್ಟು. ಹಡಗಿನ ತಳ ನೀರಿನೊಳಗೆ 20 ಅಡಿಯಷ್ಟು ಇಳಿದಿರುತ್ತದೆ. ಚಂದ್ರಂಪಳ್ಳಿಯ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರ ಇದು. ಈ ಲೆಕ್ಕವನ್ನು ನೆನಪಿಡಬೇಕು. ಹಡಗಿನ ಹೊಟ್ಟೆಯಲ್ಲಿ ತೂತಾದಾಗ ನಡೆಯುವುದು ಇದೇ ಲೆಕ್ಕದ ಏರುಪೇರು.

ನೈಜೀರಿಯಾದ ಮೊದಲ ಎರಡು ವರ್ಷಗಳು ಕಳೆದದ್ದು ಉತ್ತರದ ಹಿಮಸಮುದ್ರದಲ್ಲಿ. 1941ರ ಜೂನ್ 28ರಂದು ಯಾನ್ ಮಾಯೆನ್ ದ್ವೀಪದ ಆಚೆ ಲಾವೆನ್‌ಬರ್ಗ್ ಎಂಬ ಜರ್ಮನ್ ದೋಣಿಯನ್ನು ಮೂರು ಡಿಸ್ಟ್ರಾಯರುಗಳ ಜೊತೆಯಲ್ಲಿ ಅದು ಹಿಡಿಯಿತು. ಮೇಲ್ನೋಟಕ್ಕೆ ಅದು ಹವಾಮಾನದ ವರದಿ ಕಳಿಸುವ ಸಣ್ಣ ಹಡಗು. ಆದರೆ ಆ ವರದಿಗಳನ್ನು ಜರ್ಮನರು ಎನಿಗ್ಮಾ ಗೂಢಲಿಪಿ ಯಂತ್ರದ ಮೂಲಕ ಕಳಿಸುತ್ತಿದ್ದುದರಿಂದ, ತಿಂಗಳು ತಿಂಗಳಿಗೆ ಬದಲಾಗುವ ಸಂಕೇತಗಳ ಪಟ್ಟಿ ಅದರೊಳಗಿರಲೇಬೇಕೆಂದು ಬ್ಲೆಚ್ಲಿ ಪಾರ್ಕಿನ ತಜ್ಞರು ತರ್ಕಿಸಿದ್ದರು. ತರ್ಕ ಸರಿಯಾಗಿತ್ತು. ಟಾರ್ಟರ್ ಎಂಬ ಡಿಸ್ಟ್ರಾಯರಿನ ನಾವಿಕರು ದೋಣಿಯನ್ನು ಹತ್ತಿ ಕಾಗದಗಳನ್ನು ಹೊತ್ತು ತಂದರು. ಮುಂದಿನ ತಿಂಗಳ ಜರ್ಮನ್ ಸಂದೇಶಗಳನ್ನು ಬಿಡಿಸಲು ಅವು ಒದಗಿದವು. ಫಿರಂಗಿಗಳು ಮುಳುಗಿಸಿದ ಹಡಗುಗಳಿಗಿಂತ ಆ ಕಾಗದದ ಕಟ್ಟು ಹೆಚ್ಚಿನದೆಂದು ನನ್ನ ಎಣಿಕೆ.

ಅದೇ ವರ್ಷ ಸ್ಪಿಟ್ಸ್‌ಬರ್ಗನ್ ದ್ವೀಪದ ಕಲ್ಲಿದ್ದಲ ಗಣಿಗಳು ಜರ್ಮನರ ಕೈಸೇರದಂತೆ ಗಣಿಗಾರರನ್ನು ಸಾಗಿಸಿ, ದಾಸ್ತಾನಿಗೆ ಬೆಂಕಿಯಿಡುವ ಕೆಲಸಕ್ಕೆ ಬೆಂಗಾವಲಾಗಿ ಹೋದದ್ದೂ ಇದೇ ಹಡಗು. ಹಿಂದಿರುಗುವಾಗ ಸೆಪ್ಟೆಂಬರಿನ ಒಂದು ರಾತ್ರಿ ನಾರ್ವೆಯ ತುದಿಯಲ್ಲಿ ಅರೋರಾ ಎಂಬ ಜೊತೆಗಾರ ಕ್ರೂಸರಿನೊಡನೆ ಜರ್ಮನರ ಬ್ರೆಮ್ಸೆ ಹಡಗನ್ನು ಮುಳುಗಿಸಿತು. ಆ ಕತ್ತಲ ಗಲಿಬಿಲಿಯಲ್ಲಿ ನೈಜೀರಿಯಾದ ಮೂತಿಯೂ ಜಜ್ಜಿಹೋಯಿತು. ಇದರ ಸಹೋದರ ನೌಕೆ ಫಿಜಿ ಅಷ್ಟರಲ್ಲಾಗಲೇ ಕ್ರೀಟ್ ದ್ವೀಪದ ಬಳಿ ವಿಮಾನದಾಳಿಗೆ ಬಲಿಯಾಗಿತ್ತು. ಇನ್ನೊಂದು ಸಹೋದರ ನೌಕೆ ಟ್ರಿನಿಡಾಡಿನದು ವಿಚಿತ್ರ ವಿಧಿ. 1942ರ ಮಾರ್ಚಿನಲ್ಲಿ ಅದು ಹಾರಿಸಿದ ಟಾರ್ಪೆಡೊ ದಿಕ್ಕುಕೆಟ್ಟು ತಿರುಗಿ ಬಂದು ತನ್ನೊಡಲಿಗೇ ಬಡಿಯಿತು. ಮೇ ತಿಂಗಳಲ್ಲಿ ಊರಿಗೆ ಮರಳುವ ದಾರಿಯಲ್ಲಿ ಅದೂ ಮುಳುಗಿತು.

ಇನ್ನು 1942ರ ಆಗಸ್ಟ್. ಮೆಡಿಟರೇನಿಯನ್ ಸಮುದ್ರದ ಮಧ್ಯದಲ್ಲಿರುವ ಮಾಲ್ಟಾ ದ್ವೀಪ ಮುತ್ತಿಗೆಯಲ್ಲಿ ಒಣಗುತ್ತಿತ್ತು. ಹಿಟ್ಟು ಮತ್ತು ತೈಲ ಮುಗಿಯುತ್ತ ಬಂದಿದ್ದವು. ಹದಿನಾಲ್ಕು ವ್ಯಾಪಾರೀ ಹಡಗುಗಳಲ್ಲಿ ಸಾಮಾನು ತುಂಬಿ, ಯುದ್ಧನೌಕೆಗಳ, ವಿಮಾನವಾಹಕಗಳ ದೊಡ್ಡ ದಿಬ್ಬಣದೊಡನೆ ಬ್ರಿಟಿಷರು ಹೊರಟರು. ಈ ಕಾರ್ಯಾಚರಣೆಗೆ ಪೆಡೆಸ್ಟಲ್ ಎಂದು ಹೆಸರು. ದೊಡ್ಡ ಹಡಗುಗಳು ಅರ್ಧ ದಾರಿಯಿಂದ ಹಿಂದಿರುಗಿದ ಮೇಲೆ ಕೊನೆಯ, ಅತ್ಯಂತ ಅಪಾಯದ ದಾರಿಯಲ್ಲಿ ನಾಯಕತ್ವ ನೈಜೀರಿಯಾದ್ದು. ರಿಯರ್ ಅಡ್ಮಿರಲ್ ಬರೋ ಅದರ ಮೇಲಿದ್ದ.

ಆಗಸ್ಟ್ 12ರ ಸಂಜೆ ಎಂಟರ ಸುಮಾರಿಗೆ ಅಕ್ಸುಮ್ ಎಂಬ ಇಟಲಿಯ ಸಬ್‌ಮರೀನ್ ನಾಲ್ಕು ಟಾರ್ಪೆಡೊಗಳನ್ನು ಒಂದೇ ಸರದಿಯಲ್ಲಿ ಬಿಟ್ಟಿತು. ಅದರ ನಾಯಕ ರೆನಾಟೊ ಫೆರಿನಿ. ಆ ಒಂದು ಸರದಿಯಲ್ಲಿ ಮೂರು ಹಡಗುಗಳಿಗೆ ಪೆಟ್ಟು ಬಿತ್ತು: ನೈಜೀರಿಯಾ, ಕೈರೋ ಎಂಬ ಇನ್ನೊಂದು ಕ್ರೂಸರ್, ಮತ್ತು ಇಡೀ ದಿಬ್ಬಣದ ಜೀವವೇ ಆಗಿದ್ದ ಒಹಾಯೊ ಎಂಬ ತೈಲದ ಹಡಗು. ನೈಜೀರಿಯಾದಲ್ಲಿ 52 ಮಂದಿ ಸತ್ತರು.

ಟಾರ್ಪೆಡೊ ಹೇಗೆ ಕೊಲ್ಲುತ್ತದೆ ಎಂಬುದನ್ನು ತುಸು ಬಿಡಿಸಿ ಹೇಳಬೇಕು. ಫಿರಂಗಿಯ ಗುಂಡು ಹಡಗಿಗೆ ಮೇಲಿನಿಂದ ಬಡಿಯುತ್ತದೆ, ಗಾಳಿಯನ್ನು ಒಳಗೆ ಬಿಡುತ್ತದೆ. ಟಾರ್ಪೆಡೊ ಕೆಳಗಿನಿಂದ ಬಡಿದು ನೀರನ್ನು ಒಳಗೆ ಬಿಡುತ್ತದೆ. ಸ್ಫೋಟದಲ್ಲಿ ಸಾಯುವವರು ಒಂದಷ್ಟು ಜನ. ಉಳಿದವರನ್ನು ಉಳಿಸುವುದೋ ಮುಳುಗಿಸುವುದೋ ಮುಂದಿನ ಹತ್ತಿಪ್ಪತ್ತು ನಿಮಿಷಗಳ ಕೆಲಸ. ಹಡಗಿನ ಒಳಗನ್ನು ಉಕ್ಕಿನ ಗೋಡೆಗಳಿಂದ ಅನೇಕ ಕೋಣೆಗಳಾಗಿ ವಿಂಗಡಿಸಿರುತ್ತಾರೆ. ನೀರು ನುಗ್ಗಿದ ಕೋಣೆಯ ಬಾಗಿಲುಗಳನ್ನು ಆ ಕ್ಷಣವೇ ಭದ್ರಪಡಿಸಬೇಕು. ಒಳಗೆ ಸಿಕ್ಕಿಕೊಂಡವರು ಬಾಗಿಲು ಬಡಿಯುತ್ತಿದ್ದರೂ ಭದ್ರಪಡಿಸಬೇಕು. ಒಂದು ಪಕ್ಕದಲ್ಲಿ ನೀರು ತುಂಬಿದರೆ ಹಡಗು ಆ ಕಡೆಗೆ ವಾಲುತ್ತದೆ. ವಾಲಿದಷ್ಟೂ ಮೇಲಿನ ತೂತುಗಳು ನೀರಿಗೆ ಸಮೀಪವಾಗುತ್ತವೆ. ಆಗ ಎದುರು ಪಕ್ಕದ ಕೋಣೆಗಳಿಗೆ ತಾವೇ ನೀರು ಬಿಟ್ಟು ತಕ್ಕಡಿ ಸರಿಮಾಡುತ್ತಾರೆ. ಮುಳುಗುತ್ತಿರುವ ಹಡಗಿನೊಳಕ್ಕೆ ಇನ್ನಷ್ಟು ನೀರು ಬಿಡುವುದಕ್ಕೆ ಧೈರ್ಯ ಮಾತ್ರ ಸಾಲದು, ಲೆಕ್ಕವೂ ಗೊತ್ತಿರಬೇಕು.

ವಾಲಿಕೊಂಡಿದ್ದ ನೈಜೀರಿಯಾ ಮುಳುಗಲಿಲ್ಲ. ಕೈರೋ ಉಳಿಯಲಿಲ್ಲ, ಅದನ್ನು ಅವರೇ ಮುಳುಗಿಸಬೇಕಾಯಿತು. ಅಡ್ಮಿರಲ್ ಬರೋ ತನ್ನ ಬಾವುಟದೊಡನೆ ಒಂದು ಡಿಸ್ಟ್ರಾಯರಿಗೆ ದಾಟಿಕೊಂಡ. ಆ ಡಿಸ್ಟ್ರಾಯರಿನ ಹೆಸರು ಅಶಾಂತಿ! ಪಶ್ಚಿಮ ಆಫ್ರಿಕಾದ ಒಂದು ಜನಾಂಗದ ಹೆಸರದು. ನಮ್ಮ ಭಾಷೆಯಲ್ಲಿ ಓದಿಕೊಂಡರೆ ಆ ರಾತ್ರಿಗೆ ಬೇರೆ ಹೆಸರೇ ಬೇಡ. ನಮ್ಮ ಕಡೆಯ ವಿಮಾನಗಳಿಗೆ ರೇಡಿಯೊ ಮೂಲಕ ದಾರಿ ತೋರಿಸುವ ಸಲಕರಣೆಯಿದ್ದದ್ದು ನೈಜೀರಿಯಾ ಮತ್ತು ಕೈರೋಗಳಲ್ಲಿ ಮಾತ್ರ. ಎರಡೂ ಒಂದೇ ಗಳಿಗೆಯಲ್ಲಿ ತಪ್ಪಿಹೋದವು. ಆ ರಾತ್ರಿಯೂ ಮರುದಿನವೂ ದಿಬ್ಬಣ ಚೆಲ್ಲಾಪಿಲ್ಲಿಯಾಯಿತು. ಹದಿನಾಲ್ಕರಲ್ಲಿ ಐದು ಹಡಗುಗಳು ಮಾಲ್ಟಾ ತಲುಪಿದವು. ಒಡೆದ ಮೈಯ ಒಹಾಯೊವನ್ನು ಎರಡು ಪಕ್ಕದಲ್ಲಿ ಡಿಸ್ಟ್ರಾಯರುಗಳಿಗೆ ಬಿಗಿದು, ಗಾಯಾಳುವನ್ನು ಹೆಗಲು ಕೊಟ್ಟು ನಡೆಸುವಂತೆ, ಆಗಸ್ಟ್ 15ರಂದು ಬಂದರಿಗೆ ತಂದರು. ಆ ತೈಲದಿಂದ ಮಾಲ್ಟಾ ಉಳಿಯಿತು.

ನೈಜೀರಿಯಾ ತನ್ನ ಸತ್ತವರೊಡನೆ ನೂರಾರು ಮೈಲಿ ಹಿಂದಕ್ಕೆ ತೆವಳಿ ಜಿಬ್ರಾಲ್ಟರ್ ಮುಟ್ಟಿತು. ಅಲ್ಲಿಂದ ಅಮೆರಿಕಕ್ಕೆ. ದುರಸ್ತಿಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು.

1944ರಲ್ಲಿ ಅದು ಹಿಂದೂ ಮಹಾಸಾಗರಕ್ಕೆ ಬಂತು. ಸಿಂಹಳದ ಟ್ರಿಂಕೊಮಲಿಯಲ್ಲಿ ಬ್ರಿಟಿಷರ ಪೂರ್ವ ನೌಕಾಪಡೆಯ ನೆಲೆಯಿತ್ತು. ಏಪ್ರಿಲಿನಲ್ಲಿಯೂ ಜುಲೈನಲ್ಲಿಯೂ ಸುಮಾತ್ರಾದ ತುದಿಯ ಸಬಾಂಗ್ ಬಂದರಿನಲ್ಲಿದ್ದ ಜಪಾನೀಯರ ಮೇಲೆ ನಡೆದ ದಾಳಿಗಳಲ್ಲಿ ನೈಜೀರಿಯಾ ಭಾಗವಹಿಸಿತು. ಯುದ್ಧ ಮುಗಿದ ಮೇಲೆ ದಕ್ಷಿಣ ಅಟ್ಲಾಂಟಿಕ್ಕಿಗೆ ಹೋಯಿತು. 1948ರಲ್ಲಿ ಫಾಕ್‌ಲೆಂಡ್ ದ್ವೀಪಗಳ ಕಡೆ ಅರ್ಜೆಂಟೀನ ಮತ್ತು ಚಿಲಿ ದೇಶಗಳಿಗೆ ಬ್ರಿಟಿಷರ ಹಕ್ಕನ್ನು ನೆನಪಿಸಲು ಕಳಿಸಿದ್ದೂ ಈ ಹಡಗನ್ನೇ. ಸಾಮ್ರಾಜ್ಯ ಕರಗುತ್ತ ಬಂದಂತೆ ಅದಕ್ಕೆ ಕೆಲಸವೂ ಕರಗಿತು.

ಸ್ವತಂತ್ರ ಭಾರತದ ನೌಕಾಪಡೆಗೆ ಆಗ ಹೆಚ್ಚು ಆಯ್ಕೆಗಳಿರಲಿಲ್ಲ. ಹೊಸ ದೊಡ್ಡ ಹಡಗು ಕಟ್ಟಿಸಲು ಹಣವಿಲ್ಲ. ಇಲ್ಲಿಯೇ ಕಟ್ಟಲು ಕಾರ್ಖಾನೆಯಿಲ್ಲ. 1948ರಲ್ಲಿ ಅಕಿಲೀಸ್ ಎಂಬ ಕ್ರೂಸರನ್ನು ಕೊಂಡು ದೆಹಲಿ ಎಂದು ಹೆಸರಿಟ್ಟರು. 1939ರಲ್ಲಿ ದಕ್ಷಿಣ ಅಮೆರಿಕದ ರಿವರ್ ಪ್ಲೇಟಿನ ಬಳಿ ಜರ್ಮನರ ಗ್ರಾಫ್ ಸ್ಪೀಯನ್ನು ಅಟ್ಟಿಸಿಕೊಂಡು ಹೋದ ಹಡಗದು. ಆರು ವರ್ಷಗಳ ನಂತರ, 1954ರ ಏಪ್ರಿಲಿನಲ್ಲಿ, ಮೂರು ಲಕ್ಷ ಪೌಂಡಿಗೆ ನೈಜೀರಿಯಾ ನಮ್ಮದಾಯಿತು. ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಕಾರ್ಖಾನೆಯಲ್ಲಿ ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. ನಮ್ಮ ಕೈಗೆ ಬಂದಾಗ ಮೂರು ಗೋಪುರಗಳಲ್ಲಿ ಒಂಬತ್ತು ದೊಡ್ಡ ಫಿರಂಗಿಗಳಿದ್ದವು. ಧ್ವಜ ಏರಿದ ದಿನ ಭಾರತೀಯ ನೌಕಾಪಡೆಯ ಮುಖ್ಯಸ್ಥ ಇನ್ನೂ ಒಬ್ಬ ಇಂಗ್ಲಿಷರವನು, ವೈಸ್ ಅಡ್ಮಿರಲ್ ಕಾರ್ಲಿಲ್. ಮೊದಲ ಭಾರತೀಯ ಮುಖ್ಯಸ್ಥರಾಗಿ ಕಟಾರಿಯವರು ಬಂದದ್ದು 1958ರ ಏಪ್ರಿಲಿನಲ್ಲಿ. ಸ್ವಾತಂತ್ರ್ಯ ಬಂದು ಹತ್ತು ವರ್ಷಗಳಾದ ಮೇಲೂ ಕಡಲ ಮೇಲೆ ನಾವು ಎಷ್ಟು ಮೆಲ್ಲನೆ ಕಾಲೂರಿದೆವು ಎಂಬುದನ್ನು ಈ ಒಂದು ತಾರೀಖು ಹೇಳುತ್ತದೆ.

ಈ ಹಡಗಿನ ಹೊಸ ಜೀವನದ ಮೊದಲ ವರ್ಷಗಳು ಹೆಚ್ಚಿನಂಶ ಪ್ರವಾಸ, ಕವಾಯತು, ಅಭ್ಯಾಸ. 1959ರಲ್ಲಿ ಸಿಂಹಳದ ಬಳಿ ಜಂಟಿ ಅಭ್ಯಾಸದ ಕಾಲಕ್ಕೆ ಬ್ರಿಟಿಷರ ಹೋಗ್ ಎಂಬ ಡಿಸ್ಟ್ರಾಯರಿಗೂ ಮೈಸೂರಿಗೂ ಡಿಕ್ಕಿಯಾಯಿತು. ಹೋಗ್‌ನ ಮೂತಿ ಸುರುಟಿಹೋಗಿ ಅದು ಮತ್ತೆ ಕೆಲಸಕ್ಕೆ ಬರಲಿಲ್ಲ.

ಇನ್ನು ಅಂಜದೀವು. ಈ ಪ್ರಬಂಧ ಬರೆಯಲು ಕೂತದ್ದೇ ಅದಕ್ಕಾಗಿ.

ಕಾರವಾರದ ಬಿಣಗಾ ತೀರದಲ್ಲಿ ನಿಂತರೆ ಕಣ್ಣಳತೆಯಲ್ಲಿ ಕಾಣುವ ಸಣ್ಣ ದ್ವೀಪ ಅಂಜದೀವು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1660ರ ದಶಕದಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ದಂಡು ಪೋರ್ಚುಗೀಸರ ತಕರಾರಿನಿಂದ ಇಲ್ಲಿಯೇ ಕಾದು ಕೂತು, ರೋಗದಲ್ಲಿ ಹೆಚ್ಚಿನವರು ಸತ್ತರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ನನ ಸಾವೂ ಇಲ್ಲಿಯೇ. ಬ್ರೋತಸ್ ಮಾತೆಯ ಒಂದು ಹಳೆಯ ಇಗರ್ಜಿ ಇದೆ. ದ್ವೀಪ ಕಾರವಾರದ ಮಗ್ಗುಲಲ್ಲಿದ್ದರೂ ಗೋವೆಯ ಆಡಳಿತಕ್ಕೆ ಸೇರಿದ್ದು. ಆದ್ದರಿಂದ 1947ರ ನಂತರವೂ ಅಲ್ಲಿ ಪೋರ್ಚುಗಲ್ಲಿನ ಬಾವುಟ ಹಾರುತ್ತಿತ್ತು. ಕಾರವಾರದ ಮೀನುಗಾರರು ಆ ಬಾವುಟದ ಕೆಳಗಿನ ಬಂದೂಕುಗಳನ್ನು ದಾಟಿಯೇ ಬಲೆ ಬೀಸಬೇಕಿತ್ತು.

1961ರ ನವೆಂಬರಿನಲ್ಲಿ ಆ ಬಂದೂಕುಗಳು ಮಾತಾಡಿದವು. ದ್ವೀಪದ ಸಮೀಪ ಸಾಗುತ್ತಿದ್ದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಆ ತಿಂಗಳ ಘಟನೆಗಳಲ್ಲಿ ಜೀವವೂ ಹೋಯಿತು. ದೆಹಲಿಯ ತಾಳ್ಮೆ ಮುಗಿಯಿತು. ಡಿಸೆಂಬರ್ 18ರಂದು ಗೋವಾ, ದಮನ್, ದಿಯುಗಳ ಮೇಲೆ ಭಾರತದ ಸೇನೆ ಮುನ್ನುಗ್ಗಿದಾಗ ಅಂಜದೀವನ್ನು ಹಿಡಿಯುವ ಹೊಣೆಯನ್ನು ಮೈಸೂರು ಮತ್ತು ತ್ರಿಶೂಲ್ ನೌಕೆಗಳಿಗೆ ವಹಿಸಿದರು. ಇನ್ನೊಂದು ಕ್ರೂಸರ್ ದೆಹಲಿ ಅದೇ ದಿನ ದಿಯು ಕೋಟೆಯೆದುರು ನಿಂತಿತ್ತು.

ನೌಕಾಪಡೆಯಲ್ಲಿ ಆಗ ದಡಕ್ಕೆ ನುಗ್ಗಿ ಹೋರಾಡುವ ಪ್ರತ್ಯೇಕ ದಳವಿರಲಿಲ್ಲ. ಹಡಗಿನ ಯಂತ್ರ, ಫಿರಂಗಿ, ರೇಡಿಯೊ ನೋಡಿಕೊಳ್ಳುವ ನಾವಿಕರನ್ನೇ ಆರಿಸಿ ಬಂದೂಕು ಕೊಟ್ಟು ದೋಣಿ ಹತ್ತಿಸಿದರು. ಅವರ ಮುಂದಾಳು ಲೆಫ್ಟಿನೆಂಟ್ ಅರುಣ್ ಆಡಿಟೊ. ಭಾರತದ ಕಡೆಯ ವರದಿಗಳ ಪ್ರಕಾರ ದ್ವೀಪದಲ್ಲಿ ಬಿಳಿಯ ಬಾವುಟ ಕಂಡಿತ್ತು. ದೋಣಿಗಳು ಸಮೀಪಿಸಿದ ಮೇಲೆ ಗುಂಡಿನ ಮಳೆ ಸುರಿಯಿತು. ಬಯಲು ದಡ, ಮೇಲೆ ಬಂಡೆಗಳ ಮರೆಯಲ್ಲಿ ಕೂತ ಎದುರಾಳಿ. ನೌಕಾಪಡೆಯ ಏಳು ಮಂದಿ ಸತ್ತರು. ಗಾಯಗೊಂಡವರು ಅದಕ್ಕೆ ಎರಡು ಪಾಲಿಗೂ ಹೆಚ್ಚು. ಆಮೇಲೆ ಹಡಗುಗಳ ಫಿರಂಗಿಗಳು ದ್ವೀಪದ ಮೇಲೆ ತಿರುಗಿದವು. ಮರುದಿನದ ಹೊತ್ತಿಗೆ ಅಂಜದೀವು ಭಾರತದ್ದಾಗಿತ್ತು. ಬಂಡೆಗಳ ಸಂದಿಯಲ್ಲಿ ಅಡಗಿದ್ದ ಕೊನೆಯ ಕೆಲವರಲ್ಲಿ ಒಬ್ಬ ಪೋರ್ಚುಗೀಸ್ ಸಿಪಾಯಿ ಈಜಿಕೊಂಡು ನಮ್ಮ ದಡಕ್ಕೆ ಬಂದು 22ರಂದು ಸೆರೆಸಿಕ್ಕ.

ಗೋವಾ ವಿಮೋಚನೆ ಎಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೂವರೆ ದಿನದ ಸುಲಭದ ಕೆಲಸ. ಒಟ್ಟು ಲೆಕ್ಕದಲ್ಲಿ ಅದು ನಿಜವೇ. ಆದರೆ ಕಾರವಾರದೆದುರಿನ ಈ ತುಂಡು ನೆಲಕ್ಕೆ ನೌಕಾಪಡೆ ತೆತ್ತ ಬೆಲೆ ಸುಲಭದ್ದಲ್ಲ. ಇಪ್ಪತ್ತು ಕಿಲೋಮೀಟರ್ ದೂರ ಗುಂಡೆಸೆಯಬಲ್ಲ, ಹನ್ನೊಂದು ಸಾವಿರ ಟನ್ನಿನ ಸಮರನೌಕೆ ಹತ್ತಿರದಲ್ಲಿಯೇ ನಿಂತಿದ್ದರೂ ದೋಣಿಯಿಂದ ಮರಳಿಗೆ ಕಾಲಿಡುವ ಮನುಷ್ಯನಿಗೆ ಅದರ ಕವಚ ಒದಗಲಿಲ್ಲ. ದೊಡ್ಡ ಫಿರಂಗಿಗಳನ್ನು ಮೊದಲೇ ಏಕೆ ಬಳಸಲಿಲ್ಲ ಎಂದು ಇಂದು ಕುರ್ಚಿಯಲ್ಲಿ ಕೂತು ಕೇಳುವುದು ಸುಲಭ. ಬಿಳಿಯ ಬಾವುಟ ಕಂಡ ಮೇಲೆ ಗುಂಡು ಹಾರಿಸದ ಸೇನೆಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಆ ಏಳು ಮಂದಿಗೆ ಆ ಲೇಸಿನ ಬೆಲೆ ಬಿತ್ತು. ಅವರ ಸ್ಮಾರಕ ದ್ವೀಪದ ಮೇಲಿದೆ.

ಹತ್ತು ವರ್ಷಗಳ ನಂತರ ಮೈಸೂರು ಮತ್ತೆ ಯುದ್ಧಕ್ಕೆ ಹೊರಟಿತು. 1971ರ ಡಿಸೆಂಬರಿನಲ್ಲಿ ಅದು ಪಶ್ಚ��ಮ ನೌಕಾದಳದ ನಾಯಕ ಹಡಗು. ರಿಯರ್ ಅಡ್ಮಿರಲ್ ಕುರುವಿಳಾ ಅದರ ಮೇಲಿದ್ದರು. ಆದರೆ ಆ ಯುದ್ಧದ ಹೆಸರು ಗಳಿಸಿದ್ದು ಅದರ ಕಾಲು ಭಾಗದಷ್ಟೂ ಉದ್ದವಿಲ್ಲದ ದೋಣಿಗಳು. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಡಿಸೆಂಬರ್ 4ರ ರಾತ್ರಿ ಕರಾಚಿಯ ಬಾಗಿಲಿಗೆ ಹೋಗಿ ಖೈಬರ್ ಎಂಬ ಡಿಸ್ಟ್ರಾಯರನ್ನು ಮುಳುಗಿಸಿ ಬಂದವು. ಇನ್ನೂರು ಟನ್ನಿನ ಸುಮಾರಿನ ದೋಣಿ, ತನ್ನ ದಾರಿ ತಾನೇ ಹುಡುಕಿಕೊಳ್ಳುವ ಕ್ಷಿಪಣಿ. ಅದರ ಮುಂದೆ ಆರು ಅಂಗುಲದ ಫಿರಂಗಿ, ಅದನ್ನು ತುಂಬಲು ನೂರಾರು ಜನ, ಗುರಿಯ ಗಣಿತಕ್ಕೊಂದು ಕೋಣೆ, ಇವೆಲ್ಲ ಒಂದೇ ರಾತ್ರಿಯಲ್ಲಿ ಹಳೆಯದಾದವು. ನೌಕಾದಳದ ಹಿರಿಯನಂತೆ ಮೈಸೂರು ದೂರದಲ್ಲಿ ನಿಂತು ಕಾದಿತು.

ಐದು ದಿನಗಳ ನಂತರ, ಡಿಸೆಂಬರ್ 9ರ ರಾತ್ರಿ, ದಿಯು ತೀರದಾಚೆ ನಮ್ಮ ಖುಕ್ರಿ ಎಂಬ ಫ್ರಿಗೇಟಿಗೆ ಪಾಕಿಸ್ತಾನದ ಹಂಗೋರ್ ಸಬ್‌ಮರೀನಿನ ಟಾರ್ಪೆಡೊ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಖುಕ್ರಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಡನೆಯೇ ಹೋದರು; 18 ಅಧಿಕಾರಿಗಳು, 176 ನಾವಿಕರು ಸತ್ತರು. ಮೈಸೂರಿನ ಒಡಲಿನಲ್ಲಿ 1942ರ ಟಾರ್ಪೆಡೊ ಗಾಯದ ಬೆಸುಗೆಯಿತ್ತು. ಅಂಥದೇ ಆಯುಧದ ಪೆಟ್ಟು ತಿಂದು ಒಂದು ಹಡಗು ಬದುಕಿತು, ಇನ್ನೊಂದು ಹೋಯಿತು. ಧೈರ್ಯದಲ್ಲಿ ವ್ಯತ್ಯಾಸವಿರಲಿಲ್ಲ. ಖುಕ್ರಿಯದು ಸುಮಾರು 1,200 ಟನ್ನಿನ ದೇಹ. ಅಷ್ಟು ಸಣ್ಣ ಒಡಲಿಗೆ ನೀರು ನುಗ್ಗಿದರೆ ಬಾಗಿಲು ಭದ್ರಪಡಿಸಿ ತಕ್ಕಡಿ ಸರಿಮಾಡುವಷ್ಟು ಹೊತ್ತೇ ಇರುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಮೈಸೂರು ಹೆಚ್ಚಾಗಿ ಪಾಠಶಾಲೆಯಾಗಿತ್ತು. ಹೊಸದಾಗಿ ಸೇರಿದ ಕೆಡೆಟ್‌ಗಳು ಅದರ ಮೇಲೆ ಕಡಲನ್ನು ಕಲಿತರು, ಅದರ ಉಗಿಯಂತ್ರಗಳ ಶಾಖದಲ್ಲಿ ಬೆವರಿದರು. 1973ರ ನವೆಂಬರ್ 1ರಂದು ನಮ್ಮ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಹಡಗಿನ ಹೆಸರು ಮೈಸೂರು ಎಂದೇ ಉಳಿಯಿತು. ರಾಜ್ಯವೇ ಬಿಟ್ಟುಕೊಟ್ಟ ಹೆಸರನ್ನು ಅದು ಇನ್ನೂ ಹನ್ನೆರಡು ವರ್ಷ ಹೊತ್ತು ತಿರುಗಿತು.

ಜೊತೆಯ ಕ್ರೂಸರ್ ದೆಹಲಿ 1978ರಲ್ಲಿ ಗುಜರಿಗೆ ಹೋಯಿತು. ಆಗ ನ್ಯೂಜಿಲೆಂಡಿನವರು ಮರೆಯಲಿಲ್ಲ. ತಮ್ಮ ನಾವಿಕರು ಗ್ರಾಫ್ ಸ್ಪೀಯೊಡನೆ ಹೋರಾಡಿದ ಹಡಗೆಂಬ ಅಭಿಮಾನ ಅವರದು. ಭಾರತ ಸರಕಾರ ಅದರ ಒಂದು ಫಿರಂಗಿ ಗೋಪುರವನ್ನು ಅವರಿಗೆ ಕೊಟ್ಟಿತು. ಆಕ್ಲೆಂಡಿನ ಡೆವನ್‌ಪೋರ್ಟ್ ನೌಕಾನೆಲೆಯ ಬಾಗಿಲಲ್ಲಿ ಅದನ್ನು ನಿಲ್ಲಿಸಿದ್ದಾರೆ. ಮೈಸೂರಿನ ಸರದಿ 1985ರ ಆಗಸ್ಟಿನಲ್ಲಿ ಬಂತು. ಧ್ವಜ ಇಳಿಯಿತು, ಹಡಗನ್ನು ಒಡೆಯಲು ಕೊಟ್ಟರು. ವಸಾಹತುಗಳ ಹೆಸರು ಹೊತ್ತು ಹುಟ್ಟಿದ ಆ ವರ್ಗದ ಕ್ರೂಸರುಗಳಲ್ಲಿ ಕೊನೆಯವರೆಗೆ ಸೇವೆಯಲ್ಲಿದ್ದದ್ದು ಇದೊಂದೇ. ಭಾರತೀಯ ನೌಕಾಪಡೆಯ ಕೊನೆಯ ಕ್ರೂಸರೂ ಇದೇ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ಬೆಲ್‌ಫಾಸ್ಟ್ ಎಂಬ ಅದೇ ಕಾಲದ ಕ್ರೂಸರನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಶಾಲೆಯ ಮಕ್ಕಳು ಅದರ ಗೋಪುರದೊಳಗೆ ಹೊಕ್ಕು ನೋಡಬಹುದು. ಹಳೆಯ ಹಡಗನ್ನು ಇಟ್ಟುಕೊಳ್ಳುವುದು ಖರ್ಚಿನ ಬಾಬು, ಒಪ್ಪುತ್ತೇನೆ. ನಮ್ಮ ಮೊದಲ ವಿಮಾನವಾಹಕ ವಿಕ್ರಾಂತ್ ಮುಂಬಯಿಯಲ್ಲಿ ಹಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದು 2014ರಲ್ಲಿ ಒಡೆಯುವವರ ಪಾಲಾಯಿತು. ಅದಕ್ಕಾಗಿ ಅರ್ಜಿ ಹಾಕಿದವರು, ಕೋರ್ಟಿಗೆ ಹೋದವರು ಆದರೂ ಇದ್ದರು. ಒಂದು ಗೋಪುರವನ್ನು ಬೆಂಗಳೂರಿನಲ್ಲಿಯೋ ಕಾರವಾರದ ಕಡಲ ದಂಡೆಯಲ್ಲಿಯೋ ನಿಲ್ಲಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಹೆಸರು ಮಾತ್ರ ಮತ್ತೆ ನೀರಿಗಿಳಿಯಿತು. ಮುಂಬಯಿಯ ಮಜಗಾಂವ್ ಗೋದಿಯಲ್ಲಿ ಕಟ್ಟಿದ ಡಿಸ್ಟ್ರಾಯರ್ ಒಂದು 1999ರ ಜೂನ್ 2ರಂದು ಐ.ಎನ್.ಎಸ್. ಮೈಸೂರು ಆಗಿ ನೌಕಾಪಡೆಗೆ ಸೇರಿತು. ಅದರ ಲಾಂಛನದಲ್ಲಿ ಗಂಡಭೇರುಂಡವಿದೆ. ಈ ಸಲ ಹಡಗು ಕಟ್ಟಿದ ಕೈಗಳು ನಮ್ಮವೇ.

ಅಂಜದೀವು ಈಗ ದ್ವೀಪವಾಗಿ ಉಳಿದಿಲ್ಲ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ ಕಟ್ಟುವಾಗ ಬಂಡೆಗಳನ್ನು ಸುರಿದು ಅಲೆತಡೆ ಗೋಡೆಯೊಂದರಿಂದ ಅದನ್ನು ನೆಲಕ್ಕೆ ಜೋಡಿಸಿದರು. 2005ರ ಮೇ 31ರಂದು ಆ ನೆಲೆಗೆ ಐ.ಎನ್.ಎಸ್. ಕದಂಬ ಎಂದು ಹೆಸರಾಯಿತು. 1961ರಲ್ಲಿ ನಾವಿಕರು ದೋಣಿಯಲ್ಲಿ ದಾಟಿದ ಆ ನೀರಿನ ಮಗ್ಗುಲಲ್ಲಿಯೇ ಇಂದು ದೊಡ್ಡ ಹಡಗುಗಳು ಲಂಗರು ಹಾಕುತ್ತವೆ. ನೌಕಾಪಡೆಯ ಅನುಮತಿಯಿಲ್ಲದೆ ಜನಸಾಮಾನ್ಯರು ಆಚೆ ಹೋಗುವಂತಿಲ್ಲ. ಚಂದ್ರಂಪಳ್ಳಿಯ ಆ ಹುಡುಗ ಇನ್ನೊಮ್ಮೆ ಸಿಕ್ಕರೆ ಅಷ್ಟು ದೂರದ ಕಡಲನ್ನು ತೋರಿಸಲಾರೆ. ಅವನ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಈ ಹಡಗಿನ ಹೆಸರು ಹೇಳುತ್ತೇನೆ.